ಕುಂಡದ ಗಿಡ ಯಾಕೆ ಕೊಳೀತಿದೆ?

ರೀ,

ನಾನು ಬೆಳಗಿನ ಪಾಳಿಗೆ ಹೊರಟೆ. ಎದ್ದ ತಕ್ಷಣ ಎರಡು ಲೋಟ ನೀರು ಕುಡೀರಿ, ಕಾಫಿ ಆಮೇಲೆ.

ದಿನಾ ನಿಮ್ಮ ನೀರಿನ ಬಾಟಲಿ ಖಾಲಿಯಾಗೇ ಮನೆಗೆ ಬರ್ತಿದೆ, ಸಂತೋಷ. ಆದರೆ ಬಾಗಿಲ ಪಕ್ಕದ ಕುಂಡದ ಗಿಡ ಯಾಕೆ ನೀರು ಹೆಚ್ಚಾಗಿ ಕೊಳೀತಿದೆ? ನಾನಂತೂ ವಾರಕ್ಕೊಂದು ಸಲ ಮಾತ್ರ ನೀರು ಹಾಕೋದು. ಬಸ್ ಓಡಿಸುವಾಗ ಮಧ್ಯೆ ಇಳಿಯೋಕಾಗಲ್ಲ ಅಂತ ನೀವು ನೀರು ಮುಟ್ಟಲ್ಲ ಅನ್ನೋ ಗುಮಾನಿ ನನಗೆ. ನಿಮ್ಮ ಕಂಡಕ್ಟರನ್ನ ಕೇಳಿದ್ರೆ, "ಅಣ್ಣ ಗಟಗಟ ಕುಡೀತಾರಕ್ಕಾ" ಅಂದ. ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ! ಟ್ರಿಪ್ ಮುಗಿದಾಗೆಲ್ಲ ನಿಲ್ದಾಣದ ಟಾಯ್ಲೆಟ್ಟಿಗೆ ಹೋಗಿ ಬರೋಕೆ ನಿಮಗೇನು ದಾಡಿ?

ಅಡುಗೆಗೆ ಉಪ್ಪು ಕಮ್ಮಿ ಹಾಕಿದ್ದೀನಿ. ಉಪ್ಪಿನ ಡಬ್ಬಿ ಹುಡುಕಬೇಡಿ, ನನ್ನ ಬ್ಯಾಗಲ್ಲಿದೆ. ಅಂಗಿ ಜೇಬಲ್ಲಿದ್ದ ಉಪ್ಪುಗಡಲೆ ಪೊಟ್ಟಣಾನೂ ಅಲ್ಲೇ ಇದೆ.

ಇವತ್ತು ಬಾಟಲಿಗೆ ನಿಂಬೆಹಣ್ಣು ಹಿಂಡಿದ್ದೀನಿ, ಬೀಜ ಬೇಕಂತಲೇ ತೆಗೆದಿಲ್ಲ. ಸಂಜೆ ಬಂದವಳೇ ಮೊದಲು ಕುಂಡದ ಮಣ್ಣು ಕೆದಕಿ ನೋಡ್ತೀನಿ.

ಕಿಡ್ನಿ ಕಲ್ಲು ಒಂದು ಸಲ ಬಂದೋರಿಗೆ ಮತ್ತೆ ಬರಬಹುದು ಅಂತ ಡಾಕ್ಟರು ಹೇಳಿದ್ದು ನೆನಪಿರಲಿ. ಹೋದ ಸಲ ಬಚ್ಚಲ ನೆಲದ ಮೇಲೆ ನನ್ನ ಕೈ ಹಿಡ್ಕೊಂಡು ಅತ್ತಿದ್ದು ನೀವು, ಆ ಗಿಡ ಅಲ್ಲ.