ಸ್ಪೇರ್ ಕೇಳದ ವಾಲ್ವ್

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಮೊಂಡ ತಮ್ಮನಿಗೆ,

ಹೇಗಿದ್ದೀಯ? ಕಾಲಿನ ಬಾವು ಇಳಿಯಿತೇ? ಎರಡು ದಿಂಬು ಇಟ್ಟು ಮಲಗಿದರೂ ನಿನಗೆ ಉಸಿರು ಕಟ್ಟುತ್ತದೆ ಎಂದು ನಿನ್ನ ಹೆಂಡತಿ ಹೇಳಿದಳು. ನಿನ್ನನ್ನು ಕೇಳಿದರೆ ‘ಆರಾಮಾಗಿದೀನಿ ಅಕ್ಕಾ’ ಎನ್ನುತ್ತೀಯ, ಆಪರೇಷನ್ ಮಾತೆತ್ತಿದರೆ ಫೋನ್ ಇಟ್ಟುಬಿಡುತ್ತೀಯ. ಈಗ ಕಾಗದದ ಬಾಯಿ ಮುಚ್ಚಿಸು ನೋಡೋಣ!

ಇಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ನನ್ನ ಎದೆಯ ಸ್ಕ್ಯಾನ್ ಆಯಿತು. ನನ್ನ ಹೃದಯಕ್ಕೆ ಲೋಹದ ವಾಲ್ವ್ ಕೂರಿಸಿ ಈ ವರ್ಷಕ್ಕೆ ಇಪ್ಪತ್ತೊಂಬತ್ತು ವರ್ಷ. ಎಲ್ಲರೂ ಲೋಹ ಎನ್ನುತ್ತೇವೆ, ನಿಜಕ್ಕೂ ಅದು ಗಟ್ಟಿ ಇಂಗಾಲವಂತೆ. ಹೊಸ ಡಾಕ್ಟರಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಎರಡು ಪುಟ್ಟ ಕದಗಳು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು, ಒಂದು ಚೂರೂ ಸೋರಿಕೆ ಹೆಚ್ಚಿಲ್ಲ. ‘ನಾನು ಸ್ಕೂಲಿಗೆ ಸೇರೋ ಮೊದಲೇ ಇದು ಕೆಲಸಕ್ಕೆ ಸೇರಿದೆಯಲ್ಲಮ್ಮ’ ಎಂದು ನಕ್ಕರು. ನನಗೋ ಕಾಲು ನೆಲದ ಮೇಲೆ ನಿಲ್ಲಲಿಲ್ಲ, ಹೆತ್ತ ಮಗನಿಗೆ ರ‍್ಯಾಂಕ್ ಬಂದಹಾಗೆ ಹೆಮ್ಮೆಯಾಯಿತು.

‘ಯಂತ್ರ ಅಂದ್ಮೇಲೆ ಒಂದಿನ ಕೈ ಕೊಡೋದೇ’ ಅಂದೆಯಂತೆ. ನಿನ್ನ ಭಾವನೂ ಆಗ ಇದನ್ನೇ ಹೇಳಿದ್ದರು. ಎಲ್ಲರಿಗೂ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ! ಬಸ್ ಡಿಪೋದ ಮೆಕ್ಯಾನಿಕ್ ಅಲ್ಲವೇ, ನನ್ನನ್ನು ಮನೆಗೆ ಕಳಿಸುವ ದಿನ ಡಾಕ್ಟರನ್ನು ‘ಒಂದು ಸ್ಪೇರ್ ಕೊಟ್ಟುಬಿಡಿ ಸಾರ್, ಮನೇಲಿರಲಿ’ ಎಂದು ಕೇಳಿದರು. ಮನೆಗೆ ಬಂದ ಮೇಲೆ ನನ್ನನ್ನು ಮೆಟ್ಟಿಲು ಹತ್ತಲು ಬಿಡಲಿಲ್ಲ, ಜೋರಾಗಿ ನಗಲೂ ಬಿಡಲಿಲ್ಲ. ಎದೆ ಕಡಿಮೆ ಬಡಿದರೆ ವಾಲ್ವ್ ಕಡಿಮೆ ಸವೆಯುತ್ತದೆ ಎಂಬುದು ಅವರ ಲೆಕ್ಕ. ನಾನು ಕೂತು ಕೂತು ಡ್ರಮ್ಮಿನಂತಾದೆ. ಡಾಕ್ಟರಿಗೆ ವಿಷಯ ತಿಳಿದಾಗ ನಗು ತಡೆಯಲಾಗಲಿಲ್ಲ: ‘ಇದು ಬ್ರೇಕ್ ಪ್ಯಾಡ್ ಅಲ್ಲ ರೀ, ಉಳಿಸಿ ಉಳಿಸಿ ಬಳಸೋಕೆ! ಇವರನ್ನ ನಡೆಸಿ. ನೀವು ಕಾಯಬೇಕಾದ್ದು ವಾಲ್ವನ್ನಲ್ಲ, ರಕ್ತಾನ.’ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಮಾತ್ರೆ, ಆಗಾಗ ರಕ್ತ ಪರೀಕ್ಷೆ, ಅಷ್ಟೇ. ಅಂದಿನಿಂದ ಇಂದಿನವರೆಗೆ ಸಂಜೆಯಾದರೆ ನಿನ್ನ ಭಾವ ಮಾತ್ರೆ, ನೀರಿನ ಲೋಟ ಹಿಡಿದು ನನ್ನೆದುರು ನಿಂತಿರುತ್ತಾರೆ. ನಾವು ಜಗಳವಾಡಿ ಮಾತು ಬಿಟ್ಟ ದಿನವೂ ಲೋಟ ಬಂದಿದೆ ಕಣೋ.

ಆ ವಾಲ್ವ್ ಇಟ್ಟುಕೊಂಡೇ ಗಾರ್ಮೆಂಟ್ಸಿನಲ್ಲಿ ಮೆಷಿನ್ ತುಳಿದೆ, ಸೂಪರ್‌ವೈಸರ್ ಆದೆ, ಮಗಳ ಮದುವೆ ಮಾಡಿದೆ. ಕಾರ್ಖಾನೆಯ ಹಳೆಯ ಯಜಮಾನರು ತೀರಿಕೊಂಡಾಗ ಮೆಷಿನ್‌ಗಳನ್ನೆಲ್ಲ ನಿಲ್ಲಿಸಿ ಮೌನಕ್ಕೆ ನಿಂತೆವು. ನನ್ನ ವಾಲ್ವಿನ ಟಿಕ್ ಟಿಕ್ ಕೇಳಿ ಎಲ್ಲರೂ ಅವರವರ ಕೈಗಡಿಯಾರ ಮುಟ್ಟಿ ನೋಡಿಕೊಂಡರು! ನಾನು ಗಂಭೀರವಾಗಿ ತಲೆ ತಗ್ಗಿಸಿಕೊಂಡು ನಗು ನುಂಗಿದೆ.

ಕಷ್ಟವೇ ಇಲ್ಲ ಎಂದು ನಿನ್ನ ಕಿವಿಗೆ ಹೂವಿಡುವುದಿಲ್ಲ. ಬೆರಳು ಕುಯ್ದರೆ ರಕ್ತ ಬೇಗ ನಿಲ್ಲುವುದಿಲ್ಲ, ಹಲ್ಲು ಕೀಳಿಸಬೇಕಾದರೂ ಡಾಕ್ಟರನ್ನು ಕೇಳಬೇಕು. ನೂರಕ್ಕೆ ನೂರು ಭರವಸೆ ಯಾವ ಡಾಕ್ಟರೂ ಕೊಡುವುದಿಲ್ಲ. ಆದರೆ ನಿನ್ನ ಈಗಿನ ವಾಲ್ವಿನಲ್ಲಿ ಈ ವರ್ಷ ದಾಟುವುದೇ ಕಷ್ಟ ಎಂದು ಡಾಕ್ಟರು ನಿನ್ನ ಹೆಂಡತಿಗೆ ಹೇಳಿದ್ದಾರೆ. ಅವಳು ನಿನ್ನೆದುರು ಅಳುವುದಿಲ್ಲ, ನನ್ನ ಹತ್ತಿರ ಅಳುತ್ತಾಳೆ. ಹತ್ತು ಮಹಡಿಯ ಮೇಲೆ ಹಗ್ಗಕ್ಕೆ ನೇತುಬಿದ್ದು ಗೋಡೆಗೆ ಬಣ್ಣ ಹೊಡೆದವನು ನೀನು. ನಿನಗೆ ಹೆದರಿಕೆ ಎಂದರೆ ನನ್ನ ಕರುಳು ಚುರಕ್ ಎನ್ನುತ್ತದೆ.

ಮಕ್ಕಳಿಗೆ ಮುತ್ತು, ನಿನ್ನ ಹೆಂಡತಿಗೆ ಧೈರ್ಯ. ನೀನು ನನಗಿಂತ ಹೆಚ್ಚು ಕಾಲ ಬಾಳು.

ಇಂತು ನಿನ್ನ
ಅಕ್ಕ

ಕಾಗದ ಮಡಚಿದ ಮೇಲೆ ಇನ್ನೊಂದು: ಇಪ್ಪತ್ತನೇ ತಾರೀಕಿಗೆ ನಿನಗೆ ಬೆಡ್ ಗೊತ್ತುಮಾಡಿದ್ದೇನೆ. ‘ತಮ್ಮ ಒಪ್ಪಿದ್ದಾನೆ’ ಎಂದು ಡಾಕ್ಟರಿಗೆ ಹೇಳಿಯೂ ಆಯಿತು. ಸುಳ್ಳೇ, ಏನೀಗ? ಹಿಂದಿನ ದಿನ ಬೆಳಿಗ್ಗೆ ನಿನ್ನ ಭಾವ ಕರೆದೊಯ್ಯಲು ಬರುತ್ತಾರೆ. ನಿನ್ನ ಬಟ್ಟೆ ತುಂಬಿದ ಚೀಲ ಬೀರುವಿನ ಹಿಂದಿದೆ, ಹೆಂಡತಿಯ ಮೇಲೆ ಹಾರಾಡಬೇಡ, ಹೇಳಿಕೊಟ್ಟವಳು ನಾನು. ಸಹಿ ಮಾತ್ರ ನಿನ್ನದೇ ಆಗಬೇಕಂತೆ, ನನ್ನದು ನಡೆಯುವುದಿಲ್ಲವಂತೆ. ಹಾಕು ಕಣೋ. ಆಮೇಲೆ ನನ್ನನ್ನು ಬೈ. ಮೂವತ್ತು ವರ್ಷ ದಿನಾ ಬೈದರೂ ಕೂತು ಕೇಳುತ್ತೇನೆ.