ಮೂವತ್ತಕ್ಕೊಂದರ ಗೇರ್‌ಬಾಕ್ಸ್

ಲಿಂಗಂಪಲ್ಲಿ, ಹೈದರಾಬಾದ್
ಭಾನುವಾರ, 16 ಫೆಬ್ರವರಿ 2025

ಪ್ರೀತಿಯ ಗಗನಾ,

ಕೈಯ ಕಟ್ಟು ಬಿಚ್ಚಿದರೇ? ನೋವು ಹೇಗಿದೆ? ಫೋನ್ ಮಾಡಬಹುದಿತ್ತು. ಆದರೆ ನಾನು ಅರ್ಧ ಹೇಳುವಷ್ಟರಲ್ಲೇ ನೀನು "ಇರ್ಲಿ ಬಿಡ ಪೂರ್ವಿ" ಅನ್ನುತ್ತೀ, ನಾನೂ ಅದನ್ನೇ ಕಾಯುತ್ತಿದ್ದವಳಂತೆ ಬಿಟ್ಟುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ನಿನ್ನ ಆರತಕ್ಷತೆಯಾಗಿ ಮೂರು ದಿನವಾಯಿತು. ನಿನಗೆಂದೇ ನಾನು ಲೆಕ್ಕ ಹಾಕಿ ಮಾಡಿಸಿದ, ಮದುಮಕ್ಕಳನ್ನು ಹೊತ್ತು ಮೋಟಾರಿನಿಂದ ಮೇಲೇರುವ ಆ ಕಮಲದ ವೇದಿಕೆ ಜನರ ಸಮೇತ ಕುಸಿದದ್ದು ಕಣ್ಣು ಬಿಟ್ಟರೂ ಕಾಣುತ್ತದೆ, ಮುಚ್ಚಿದರೂ ಕಾಣುತ್ತದೆ. ನಿನ್ನ ಸೋದರತ್ತೆ ಸುಗಲಮ್ಮನವರ ಸೊಂಟದ ಮೂಳೆ ಮುರಿದಿದೆ. ಮತ್ತೆ ನಡೆಯುತ್ತಾರೋ ಇಲ್ಲವೋ, ಡಾಕ್ಟರೂ ಹೇಳುತ್ತಿಲ್ಲ. ಜನ ಮೇಲಿದ್ದಾಗ ಗುಂಡಿ ಒತ್ತಿದ ಎಂದು ನಿಮ್ಮಪ್ಪ ಸ್ವಿಚ್ ನೋಡಿಕೊಳ್ಳುತ್ತಿದ್ದ ಕೇದಾರನ ಮೇಲೆ ದೂರು ಕೊಟ್ಟಿದ್ದಾರೆ. ನಿನ್ನೆಯಿಂದ ಅವನು ಠಾಣೆಯಲ್ಲಿದ್ದಾನೆ. ರಾತ್ರಿ ನಿಮ್ಮಪ್ಪ ಫೋನ್ ಮಾಡಿ, "ನೀ ಇಂಜಿನಿಯರ್ ಅದೀ ಅವ್ವಾ, ಸೋಮವಾರ ಬಂದು ತಪ್ಪು ಅವಂದೇ ಅಂತ ಬರದು ಕೊಡು" ಎಂದರು. ನಾನು "ಆಗ್ಲಿರಿ ಕಾಕಾ" ಅಂದೆ. ಅಂದುಬಿಟ್ಟೆ, ಗಗನಾ! ಆ ಮಾತು ನನ್ನ ಬಾಯಿಂದ ಬಂತೆಂದು ಇನ್ನೂ ನಂಬಲಾಗುತ್ತಿಲ್ಲ.

ಮೊದಲು ನಾನು ಹಾಕಿಸಿದ್ದು ಅರವತ್ತಕ್ಕೊಂದರ ಗೇರ್‌ಬಾಕ್ಸ್. ಮೋಟಾರು ಅರವತ್ತು ಸುತ್ತು ತಿರುಗಿದರೆ ಹೊರಗಿನ ದಂಡ ತಿರುಗುವುದು ಒಂದೇ ಸುತ್ತು. ವೇಗ ಬಿಟ್ಟುಕೊಟ್ಟರೆ ಬಲ ಸಿಗುತ್ತದೆ, ನಮ್ಮ ಕೆಲಸವೆಲ್ಲ ಇದೊಂದೇ ಕೊಡುಕೊಳ್ಳುವಿಕೆ. ವೇದಿಕೆ ಮೇಲೇರಲು ನಲವತ್ತು ಸೆಕೆಂಡು ಹಿಡಿಯುತ್ತಿತ್ತು. ನೀನು ಅದನ್ನು ನೋಡಿ, "ಇಷ್ಟ ಸಾವಕಾಶ ಏರಿದ್ರ ಮಂದಿ ನಗ್ತಾರ" ಎಂದೆ. ಮದುವೆಗೆ ಹತ್ತೇ ದಿನವಿತ್ತು. ಮೂವತ್ತಕ್ಕೊಂದರದ್ದು ತರಿಸಿ ಹಾಕಿಸಿದೆ. ಇಪ್ಪತ್ತು ಸೆಕೆಂಡಿಗೆ ಏರಿತು, ನೀನು ಚಪ್ಪಾಳೆ ತಟ್ಟಿದೆ.

ವೇಗ ಇಮ್ಮಡಿಯಾದಾಗ ಬಲ ಸುಮಾರು ಅರ್ಧಕ್ಕೆ ಇಳಿಯಿತೆಂದು ನಿನಗೆ ಹೇಳಲಿಲ್ಲ. ಇನ್ನೊಂದನ್ನೂ ಹೇಳಲಿಲ್ಲ. ಅರವತ್ತರ ಗೇರು ಮೋಟಾರು ನಿಂತ ಮೇಲೂ ಭಾರವನ್ನು ಬಹುಮಟ್ಟಿಗೆ ತಾನೇ ತಡೆದು ನಿಲ್ಲುತ್ತದೆ. ಮೂವತ್ತರದ್ದಕ್ಕೆ ಆ ಹಟವಿಲ್ಲ. ಭಾರ ಹೆಚ್ಚಿದರೆ ಹಿಂದಕ್ಕೆ ತಿರುಗಿಬಿಡುತ್ತದೆ, ಅದಕ್ಕೆ ಬ್ರೇಕ್ ಬೇಕೇ ಬೇಕು. ಬ್ರೇಕ್ ಬರಲು ಮೂರು ವಾರ ಎಂದರು. ನಿಲ್ಲುವವರು ಮದುಮಕ್ಕಳಿಬ್ಬರೇ ತಾನೇ ಅಂದುಕೊಂಡೆ. ಲೆಕ್ಕದ ಹಾಳೆಯ ಕೆಳಗೆ 'ನಾಲ್ಕು ಜನ ಮೀರಬಾರದು' ಎಂದು ಬರೆದು, ಸಹಿ ಹಾಕಿ, ಕೈತೊಳೆದುಕೊಂಡೆ.

ನಾಲ್ಕು ಜನ! ನಮ್ಮ ಮಂದಿಯ ಮದುವೆಯಲ್ಲಿ! ಬೀದರಿನಲ್ಲಿ ಹುಟ್ಟಿ ಬೆಳೆದವಳು ನಾನು. ಫೋಟೋ ಎಂದ ಕೂಡಲೇ ಕಾಕಾ, ಮಾವಶಿ, ಅವರ ಬೀಗರು, ಬೀಗರ ಮೊಮ್ಮಕ್ಕಳು ಎಲ್ಲರೂ ಹತ್ತದೆ ಬಿಟ್ಟ ಒಂದು ಮದುವೆಯನ್ನಾದರೂ ಕಂಡಿದ್ದೇನೆಯೇ? ಗೇರಿನ ಉಜ್ಜಾಟದಲ್ಲಿ ಎಷ್ಟು ಬಲ ಸೋರಿಹೋಗುತ್ತದೆಂದು ದಶಾಂಶದವರೆಗೆ ಲೆಕ್ಕ ಹಾಕಿದವಳಿಗೆ ಇದೊಂದು ಹೊಳೆಯಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನನ್ನಲ್ಲಿದ್ದದ್ದು ಆ ಒಕ್ಕಾಲು ಮಾತ್ರ.

ವೇದಿಕೆ ಮೇಲೇರಿ ನಿಂತ ಮೇಲೆ ಪಕ್ಕಕ್ಕೆ ಮೆಟ್ಟಿಲು ತಂದಿಟ್ಟರಲ್ಲ, ಹದಿಮೂರು ಜನ ಹತ್ತಿದರು. ಕೇದಾರ ಕೆಳಗಿನಿಂದ "ದಿಗಂಡಿ ಸಾರ್, ದಿಗಂಡಿ" ಎಂದು ಇಳಿಯಲು ಕೂಗುತ್ತಲೇ ಇದ್ದ. ನಿಮ್ಮಪ್ಪ ಮೇಲಿನಿಂದ "ಏ ಸುಮ್ನಿರೋ, ನಮ್ಮ ಮಂದಿ ಅದು" ಎಂದು ಗದರಿದರು. ಅಷ್ಟರಲ್ಲಿ ವೇದಿಕೆ ಜಾರತೊಡಗಿತು. ಅವನು ಗುಂಡಿ ಒತ್ತಿದ್ದು ಆಮೇಲೆ, ಗಗನಾ. ಒತ್ತಿದ್ದು ಮೇಲಕ್ಕೆತ್ತುವ ಗುಂಡಿ, ನಿಮ್ಮನ್ನು ಉಳಿಸಲು. ಮೋಟಾರು ಗುಂಯ್ ಎಂದಿತು, ಎತ್ತಲಿಲ್ಲ. ಇವತ್ತು ಬೆಳಿಗ್ಗೆ ಮತ್ತೆ ಲೆಕ್ಕ ಹಾಕಿ ನೋಡಿದೆ. ಹಳೆಯ ಗೇರ್‌ಬಾಕ್ಸ್ ಇದ್ದಿದ್ದರೆ ಅದೇ ಮೋಟಾರು ಹದಿಮೂರು ಜನರನ್ನೂ ಎತ್ತುತ್ತಿತ್ತು. ಮೂರು ಸಲ ಹಾಕಿದೆ, ಮೂರು ಸಲವೂ ಅದೇ ಬಂತು. ಅಲ್ಲಿ ಸರಿಯಾದ ಕೆಲಸ ಮಾಡಿದವನು ಅವನೊಬ್ಬನೇ, ಠಾಣೆಯಲ್ಲಿ ಕೂತಿರುವವನೂ ಅವನೇ.

ನಾಳೆ ನಾನು ಠಾಣೆಗೆ ಹೋಗುತ್ತೇನೆ, ಎರಡೂ ಲೆಕ್ಕದ ಹಾಳೆ ತೆಗೆದುಕೊಂಡು. ನಿಮ್ಮಪ್ಪ ಹೇಳಿದ್ದನ್ನು ಬರೆಯುವುದಿಲ್ಲ. ನನ್ನ ಕೆಲಸ ಹೋಗುತ್ತದೆ, ಕೇಸೂ ಆಗಬಹುದು. ಹೋಗಲಿ ಬಿಡು ಎನ್ನುವಷ್ಟು ಧೈರ್ಯ ನನಗಿಲ್ಲ, ತುಂಬಾ ಹೆದರಿಕೆಯಾಗುತ್ತಿದೆ. ಬೇಗ ಏರಲಿ ಎಂದವಳು ನೀನು ಎಂದು ಅಲ್ಲಿ ಹೇಳುವುದಿಲ್ಲ. ನೀನು ಆಸೆಪಟ್ಟು ಕೇಳಿದೆ. ಆಗದು ಎನ್ನುವುದು ನನ್ನ ಕೆಲಸವಾಗಿತ್ತು.

ಇನ್ನೂ ನಿನ್ನವಳು ಎಂದು ನೀನು ಒಪ್ಪಿದರೆ, ನಿನ್ನವಳು,
ಪೂರ್ವಿ

ತಾ.ಕ.: ಕಾಗದ ಮಡಿಸಿಟ್ಟು ಸುಗಲಮ್ಮನವರನ್ನು ನೋಡಲು ಆಸ್ಪತ್ರೆಗೆ ಹೋಗಿ ಬಂದೆ. ನನ್ನ ಕೈ ಬಿಡದೆ ಹಿಡಿದುಕೊಂಡು ಪಕ್ಕದ ಹಾಸಿಗೆಯವರಿಗೆ, "ಈ ಹುಡುಗಿ ಭಾಳ ಚಲೋ ಅದಾಳ ನೋಡ್ರಿ. ಮೊಣಕಾಲ ನೋವು, ನಾ ಹತ್ತೂದಿಲ್ಲ ಅಂತ ಕೆಳಗ ನಿಂತಿದ್ದೆ. ಇಕೀನ ಕೈ ಹಿಡದು ಹತ್ತಿಸಿದ್ಲು" ಎಂದರು. ನಿಜ. ಆಗ ಮೇಲೆ ನೀವಿಬ್ಬರು, ನಿಮ್ಮಪ್ಪ, ನಿಮ್ಮಮ್ಮ ಇದ್ದಿರಿ. ನಾನು ಎಣಿಸಿದ್ದೆ. ಎಣಿಸಿದ ಮೇಲೆಯೇ ಅವರಿಗೆ ಕೈ ಕೊಟ್ಟೆ.