ಮುಚ್ಚಿದ ಕಡಲಲ್ಲಿ ಎತ್ತಿದ ಚಿಪ್ಪು

ಅಕ್ಟೋಬರ್ 3, ಬೆಳಿಗ್ಗೆ

ನೀರು ಕನ್ನಡಿ. ಮುಳುಗಿದೆ, ಎದ್ದೆ, ಮತ್ತೆ ಮುಳುಗಿದೆ. ಲೋಲಾ ಅನ್ನುವ ಕಡಲ ಬಸವನಹುಳು ಚಿಪ್ಪಿನ ಸಮೇತ ಬಂಡೆಗೆ ಕಚ್ಚಿಕೊಂಡಿರುತ್ತದೆ — ಬುಗುರಿಯನ್ನು ಬೋರಲು ಇಟ್ಟ ಹಾಗೆ. ಎತ್ತು, ಅಡಿಯ ಅಗಲ ಅಳೆ, ಸ್ಲೇಟಿನಲ್ಲಿ ಬರೆ, ಇದ್ದ ಜಾಗದಲ್ಲೇ ನೆಟ್ಟಗೆ ಕೂರಿಸು. ಅಂಗಾತ ಬಿದ್ದರೆ ಅದರ ಕಥೆ ಮುಗಿಯಿತು. ತಿರುಗಿಕೊಳ್ಳುವಷ್ಟರಲ್ಲಿ ಯಾವುದೋ ಮೀನು ತಿಂದು ಹೋಗಿರುತ್ತದೆ.

ಸಾಸಿ ಹಾಕಿ ಮೂರನೆಯ ವರ್ಷ. ಕಡಲಿಗೆ ಬೀಗ. ಕೊಲ್ಲಿಯ ಎರಡೂ ತುದಿಯಲ್ಲಿ ಕೋಲು ನೆಟ್ಟು ತೆಂಗಿನ ಎಳೆಗರಿ ಕಟ್ಟಿದ್ದಾರೆ. ಅದರೊಳಗೆ ಯಾರೂ ಲೋಲಾ ತೆಗೆಯುವ ಹಾಗಿಲ್ಲ. ಬೀಗ ತೆರೆಯುವ ಕಾಲ ಬಂತೇ ಅಂತ ಅಳೆದು ಹೇಳಬೇಕಾದವನು ನಾನು. ಬಂದಿಲ್ಲ. ಇನ್ನೂ ಸಣ್ಣವು. ಹೇಳಿದರೆ ಊರಿಗೆ ಖುಷಿಯಾಗುವುದಿಲ್ಲ.

ಮನೆಗೆ ಬಂದರೆ ಮೇಜಿನ ಮೇಲೆ ಮುಚ್ಚಿಟ್ಟ ಸಾಗೋ ಹಿಟ್ಟಿನ ಅಂಟು ಗಂಜಿ ಪಾಪೆಡಾ, ಹಳದಿ ಸಾರಿನಲ್ಲಿ ಮೀನು. ಅತ್ತೆ ಇಟ್ಟು ಹೋಗಿದ್ದಾರೆ. ಅವರ ಮಗಳು ಯೋಸಿನಾ ನನ್ನ ಹೆಂಡತಿಯಾಗಿರುವುದನ್ನು ಬಿಟ್ಟು ಆರು ವರ್ಷವಾಯಿತು — ಸೊರೊಂಗ್ ಬಂದರಿನ ಹಡಗಿನವನ ಜೊತೆ ಹೋದಳು. ಇವರು ಮಾತ್ರ ಅತ್ತೆಯಾಗಿರುವುದನ್ನು ಬಿಟ್ಟಿಲ್ಲ. ಆದರೆ ಇಟ್ಟು ಹೋಗುತ್ತಾರೆ, ಕೂರುವುದಿಲ್ಲ. ಮಗ ಎಲಿಗೆ ಇಷ್ಟವಾಗುವುದಿಲ್ಲ. ಅಕ್ಕ ಹೋದದ್ದು ನನ್ನಿಂದ ಅಂತ ಅವನ ಲೆಕ್ಕ. ಎಲಿ ಈ ಊರಿನ ಕಡಲು ಕಾವಲಿನ ಮುಖ್ಯಸ್ಥ. ನಾನು ಕಡಲು ಅಳೆಯುವವ. ಒಂದೇ ಕೊಲ್ಲಿ, ಒಂದೇ ಕೆಲಸ, ಮಾತಿಲ್ಲ.

ಅಂಟಂಟು ಊಟ, ಒಂಟೊಂಟಿ ಬಾಯಿ;
ಮನೆಯಲಿ ಬೊಗಳಲು ಇಲ್ಲ ಒಂದು ನಾಯಿ.

ಪ್ರಾಸ ಸರಿಯಿದೆ. ನಾಯಿ ತರಬೇಕು.

ಅಕ್ಟೋಬರ್ 11, ಸಂಜೆ

ಹೋದ ವರ್ಷ ಪಕ್ಕದ ದ್ವೀಪದವನೊಬ್ಬ ಸಾಸಿಯೊಳಗೆ ಸಿಕ್ಕಿಬಿದ್ದ. ಕೈಯಲ್ಲಿ ಚಿಪ್ಪು. "ಎತ್ತಿ ನೋಡ್ತಿದ್ದೆ, ವಾಪಸ್ ಇಡ್ತಿದ್ದೆ" ಅಂದ. ತೆಗೆಯುವುದು ತಪ್ಪು; ಬರೀ ಎತ್ತುವುದೂ ತಪ್ಪು ಅಂತ ಎಲ್ಲಿದೆ? ಬಿಡಬೇಕಾಯಿತು. ಆಮೇಲೆ ಸಿಕ್ಕವರೆಲ್ಲ ಎತ್ತಿ ನೋಡುವವರೇ.

ಇವತ್ತು ಚಾವಡಿಯಲ್ಲಿ ಹಿರಿಯರು ಸೇರಿ ಆ ತೂತು ಮುಚ್ಚಿದರು. ಬರೀ ಎತ್ತುವುದರಿಂದಲೂ ಹಾನಿ ಇದೆಯೇ ಅಂತ ನನ್ನನ್ನು ಕೇಳಿದರು. ಇದೆ ಅಂದೆ, ಅಂಗಾತ ಬಿದ್ದವುಗಳ ಲೆಕ್ಕ ತೋರಿಸಿದೆ. ಎಲ್ಲ ಮೆಟ್ಟಿಲ ಮೇಲಿಂದಲೇ. ಈ ಊರಿಗೆ ಬಂದು ಹದಿನೆಂಟು ವರ್ಷವಾದರೂ ಹೊರಗಿನವನೇ. ಹೊರಗಿನವರು ಚಾವಡಿಯ ಒಳಗೆ ಕೂರುವಂತಿಲ್ಲ. ವಿಜ್ಞಾನ ಒಳಗೆ ಹೋಯಿತು. ನಾನು ಹೊರಗೇ ಉಳಿದೆ.

ಇಲ್ಲಿ ಕಾನೂನು ಅಂದರೆ ಡಂಗುರದವನು ಕೂಗಿದ್ದು. ಬರೆದ ಕಾಗದ ಜಿಲ್ಲಾ ಕಚೇರಿಗೆ ಹೋಗುತ್ತದೆ, ಅವರ ಸಮಾಧಾನಕ್ಕೆ. ಡಂಗುರದ ದೋಮಿ ಅಜ್ಜ ತನ್ನ ತಿಫಾ ಡೋಲು ಕಂಕುಳಲ್ಲಿ ಇಟ್ಟುಕೊಂಡು ಪಕ್ಕದಲ್ಲಿ ಕೂತ.

"ಆನೆ, ಎರಡೇ ಸಾಲು ಮಾಡಿಕೊಡು. ಉದ್ದ ಆದ್ರೆ ಚರ್ಚಿನ ಏರು ಹತ್ತೋವಾಗ ಉಸಿರು ಸಾಲಲ್ಲ."

(ಗಜಾನನ ಇವರ ಬಾಯಲ್ಲಿ ಗಜಾ. ಇವರಿಗೂ ಹಾಗಂದರೆ ಆನೆಯೇ. ಐವತ್ತೆರಡು ಕಿಲೋ ಆನೆ.)

"ಹಲ್ಲಿಲ್ಲದ ಬಾಯಲ್ಲೂ ನುಡಿಬೇಕು, ನೋಡು!"

ಮಾಡಿಕೊಟ್ಟೆ. ಇವರ ಮಾತಲ್ಲಿ ಇನ್ನೂ ಚೆನ್ನಾಗಿದೆ, ಕನ್ನಡದಲ್ಲಿ ಸುಮಾರು ಹೀಗೆ:

ಎತ್ತಿದ ಕೈಯೇ ಕದ್ದ ಕೈ,
ಯಾರದೇ ಇರಲಿ, ಕಟ್ಟು ಕೈ!

ಕಾಗದದಲ್ಲಿ "ಊರು ಒಪ್ಪಿದ ಸರ್ವೆಯ ಹೊರತು" ಅಂತ ಸೇರಿಸಿದ್ದೆ. ಕೂಗುವ ಸಾಲಿನಲ್ಲಿ ಅದು ಕೂರಲಿಲ್ಲ. ತಾಳ ಕೆಡುತ್ತಿತ್ತು. ಬಿಟ್ಟೆ.

ಅಕ್ಟೋಬರ್ 13

ಮಕ್ಕಳು ಹಗ್ಗ ಹಾರುತ್ತ ಅದನ್ನೇ ಹಾಡುತ್ತಿವೆ. ನನ್ನ ಮೊದಲ ಪ್ರಕಟಿತ ಕವಿತೆ. ಹೇಳಿಕೊಳ್ಳಲು ಯಾರೂ ಇಲ್ಲ. ಅಂಕೋಲೆಯ ತಮ್ಮನಿಗೆ ಮೆಸೇಜ್ ಹಾಕಿದೆ. ಹೆಬ್ಬೆರಳು ಕಳಿಸಿದ.

ಅಕ್ಟೋಬರ್ 24

ಎಲಿ ಮನೆಗೆ ಬಂದ. ಆರು ವರ್ಷದಲ್ಲಿ ಮೊದಲ ಸಲ. ಬಾಗಿಲಲ್ಲೇ ನಿಂತ. ನನಗೆ ಎಷ್ಟು ಗಡಿಬಿಡಿಯಾಯಿತೆಂದರೆ ಟೀಗೆ ನೀರಿಡಲು ಹೋಗಿ ಗ್ಯಾಸ್ ತಿರುಗಿಸಿ ಹಚ್ಚುವುದನ್ನೇ ಮರೆತೆ.

"ಟೀ ಬೇಡ. ಬೆಳಗಿನ ಜಾವ ಒಂದು ಬೋಟ್ ಹಿಡಿದ್ವಿ. ನಾಲ್ಕು ಜನ ಮುಳುಗೋರು, ಗೋಣಿ ತುಂಬ ಲೋಲಾ."

"ಒಳ್ಳೇದಾಯ್ತಲ್ಲ!"

"ಕೇಳು ಪೂರ್ತಿ. ಅವರ ಯಜಮಾನ ಬಂದಿದಾನೆ, ಬಿಳಿ ಬೂಟು ಹಾಕ್ಕೊಂಡು. ಫೋನಲ್ಲಿ ಒಂದು ವಿಡಿಯೋ ತೋರಿಸ್ತಾನೆ. ಸಾಸಿಯೊಳಗೆ ಒಬ್ಬ ಚಿಪ್ಪು ಎತ್ತುತಾ ಇದಾನೆ, ಇಡ್ತಾ ಇದಾನೆ. 'ಎತ್ತಿದ ಕೈಯೇ ಕದ್ದ ಕೈ ಅಂತೀರಲ್ಲ, ಇದು ಯಾರ ಕೈ? ಇದನ್ನ ಮೊದಲು ಕಟ್ಟಿ, ಆಮೇಲೆ ನಮ್ಮೋರದು' ಅಂತಾನೆ."

ಕೈ ಜೇಬಿಗೆ ಹಾಕಿಕೊಂಡೆ. ಯಾಕೋ ಗೊತ್ತಿಲ್ಲ.

"ಡಂಗುರ ಆದ್ಮೇಲೂ ಎತ್ತಿದ್ಯಾ?"

"ಅಳೀಬೇಕಲ್ಲ ಎಲಿ... ಅದು ಸರ್ವೆ."

"ಪದ್ಯ ಕಟ್ಟಿದೋನು ನೀನೇ. ಸರ್ವೆ ಅಂತ ಎಲ್ಲಿ ಬಂತು ಅದ್ರಲ್ಲಿ?"

ಹೋದ. ಮೆಟ್ಟಿಲಿಳಿಯುತ್ತ ಗ್ಯಾಸ್ ವಾಲ್ವು ಮುಚ್ಚು ಅಂದ.

ಅಕ್ಟೋಬರ್ 25

ಶಿಕ್ಷೆ ಎರಡು ಥರ. ಊರಿನ ಮಗನಾದರೆ ತಿಫಾದ ಹಿಂದೆ ಬರಿಗಾಲಲ್ಲಿ ಊರು ಸುತ್ತಬೇಕು — ತನ್ನ ಹೆಸರು, ಮನೆತನದ ಹೆಸರು, ಮಾಡಿದ ತಪ್ಪು, ಮೂರನ್ನೂ ಪ್ರತಿ ಬಾಗಿಲಲ್ಲೂ ತಾನೇ ಕೂಗುತ್ತ. ಹೊರಗಿನವನಾದರೆ ಊರಲ್ಲಿ ಇರುವಂತಿಲ್ಲ. ಮುಂದಿನ ದೋಣಿಗೆ ಹತ್ತಬೇಕು. ಮತ್ತೆ ಬರುವಂತಿಲ್ಲ.

ರಾಜರ ಮನೆಗೆ ಹೋದೆ. ರಾಜ ಅಂದರೆ ಊರಿನ ಯಜಮಾನರು. ಬನಿಯನ್ ಹಾಕಿಕೊಂಡು ಕೋಳಿಗೂಡು ರಿಪೇರಿ ಮಾಡುತ್ತಿದ್ದರು.

"ಕಾಗದ ಇದೆಯಲ್ಲೋ ನಿನ್ನ ಹತ್ರ. ಸರ್ವೆಯ ಹೊರತು ಅಂತ. ತೋರಿಸು, ಮುಗೀತು."

"ಆ ಬೋಟಿನವರು?"

ಮೊಳೆ ಬಾಯಲ್ಲಿಟ್ಟುಕೊಂಡೇ ನಕ್ಕರು. "ಅವರೂ ಸರ್ವೆಯವರೇ ಆಗ್ತಾರೆ. ನಾಳೆಯಿಂದ ಬರೋ ಬೋಟಿಗೆಲ್ಲ ಒಬ್ಬೊಬ್ಬ ಸರ್ವೆಯವ. ಸ್ಲೇಟು ಎಷ್ಟು ಮಹಾ ತುಟ್ಟಿ?"

ಮೊಳೆ ಹೊಡೆದರು. ಕೋಳಿ ಬೈದುಕೊಂಡಿತು.

"ಕಾಗದ ತೋರಿಸಿದ್ರೆ ನೀನು ಉಳೀತೀಯ, ಸಾಸಿ ಹೋಗುತ್ತೆ. ತೋರಿಸ್ದೆ ಇದ್ರೆ ಸಾಸಿ ಉಳಿಯುತ್ತೆ, ನೀನು... ನಿನ್ನ ಇಷ್ಟ ಕಣಪ್ಪ. ನಾನು ಒತ್ತಾಯ ಮಾಡಲ್ಲ."

ಮನೆಗೆ ಬಂದು ಕಾಗದದ ನನ್ನ ಪ್ರತಿ ತೆಗೆದೆ. ಚೆನ್ನಾಗಿ ಬರೆದಿದ್ದೇನೆ. ಸೀಲು ಇದೆ. ಮೂರು ವರ್ಷದ ಲೋಲಾ, ಮೊಟ್ಟೆ ಹಾಕುವ ಅಳತೆಗೆ ಈಗಷ್ಟೇ ಬರುತ್ತಿವೆ. ಒಂದು ವಾರ ತೆರೆದಿಟ್ಟರೆ ಬಂಡೆ ಬೋಳು.

ಕಾಗದ ಮತ್ತೆ ಒಳಗಿಟ್ಟೆ.

ಅಕ್ಟೋಬರ್ 26

ಊಟ ಬರಲಿಲ್ಲ.

ಅಕ್ಟೋಬರ್ 27

ಇವತ್ತೂ ಇಲ್ಲ. ಅತ್ತೆ ಅಂಗಳದಲ್ಲೇ ಇದ್ದರು, ಬಟ್ಟೆ ಒಣಹಾಕುತ್ತಿದ್ದರು. ನನ್ನ ಕಡೆ ನೋಡಿ ಒಂದು ಸೀರೆಯಷ್ಟಗಲದ ಚಾದರ ಮಧ್ಯೆ ಹರಡಿದರು. ಅದೇ ಗೋಡೆಯಾಯಿತು.

ಬೇಯಿಸಿದ ಮರಗೆಣಸು, ಉಪ್ಪು. ನೀರಿಗೆ ಇಳಿಯುವಂತಿಲ್ಲ, ಕೆಲಸವಿಲ್ಲ. ದಿನ ಎಷ್ಟು ಉದ್ದ ಇರುತ್ತದೆ ಅಂತ ಗೊತ್ತೇ ಇರಲಿಲ್ಲ. ಅಂಗಡಿಯಲ್ಲಿ ಸೋಪು ಕೇಳಿದೆ, ಕೊಟ್ಟರು, ಮಾತಿಲ್ಲ. ಇವತ್ತು ಬಾಯಿಂದ ಹೊರಟ ಮಾತು ಅದೊಂದೇ. ಸೋಪು.

ಹುಟ್ಟಿದ ಊರಿಗೆ ಹೋಗುವುದಾದರೆ ಎಲ್ಲಿಗೆ? ತಮ್ಮನ ಮನೆಯಲ್ಲಿ ನನ್ನ ಹಳೆಯ ಕೋಣೆ ಈಗ ಟ್ಯೂಷನ್ ಕ್ಲಾಸು. ಕನ್ನಡ ಇಲ್ಲಿ ಬರೆಯಲಿಕ್ಕೆ ಮಾತ್ರ ಉಳಿದಿದೆ. ಅಲ್ಲಿ ಹೋದರೆ ಮಾತಾಡಬೇಕು. ಯಾರ ಜೊತೆ, ಏನು?

ಬಟ್ಟೆ ತುಂಬಲು ಚೀಲ ತೆಗೆದೆ. ಹದಿನೆಂಟು ವರ್ಷ, ಒಂದು ಚೀಲ ಸಾಲದಷ್ಟು ಇರುತ್ತದೆ ಅಂದುಕೊಂಡಿದ್ದೆ. ಜಾಗ ಉಳಿಯಿತು.

ಪ್ರಾಸ ಬರುತ್ತಿಲ್ಲ.

ನವೆಂಬರ್ 1, ಮಧ್ಯಾಹ್ನ

ಚಾವಡಿಯಿಂದ ಈಗಷ್ಟೇ ಬಂದೆ. ಬರೆಯುತ್ತೇನೆ.

ಚಾವಡಿ ತುಂಬ ಜನ. ನಾನು ಮೆಟ್ಟಿಲ ಮೇಲೆ. ಎದುರಿನ ಮೆಟ್ಟಿಲಲ್ಲಿ ಬಿಳಿ ಬೂಟಿನವನು, ಫೋನು ಚಾರ್ಜರಿಗೆ ಹಾಕಿಕೊಂಡು. ರಾಜರು ಕೇಳಿದರು: "ಗಜಾ, ಎತ್ತಿದ್ಯಾ?"

"ಎತ್ತಿದೆ."

"ಏನಾದ್ರೂ ಕಾಗದ ಇದೆಯಾ, ತೋರಿಸೋದಿಕ್ಕೆ?"

"ಕೂಗಿದ್ದೇ ಕಾನೂನು. ಕಾಗದ ಇಲ್ಲ."

ಬಿಳಿ ಬೂಟಿನವನ ಮುಖ ಇಳಿಯಿತು. ಅವನಿಗೆ ಕಾಗದದ ಸುದ್ದಿ ಯಾರೋ ಕೊಟ್ಟಿರಬೇಕು; ಅದನ್ನೇ ಕಾಯುತ್ತಿದ್ದ.

ಇನ್ನು ಉಳಿದದ್ದು ನಾನು ಯಾರು ಅನ್ನುವುದು. ಎಲಿ ಎದ್ದ. "ಹೊರಗಿನವನು. ನಮ್ಮನೆ ಅಳಿಯ ಅಂತಿದ್ದ, ಅಕ್ಕ ಬಿಟ್ಟು ಹೋದ್ಮೇಲೆ ಅದೂ ಮುಗೀತು. ದೋಣಿ ಗುರುವಾರ ಇದೆ."

ಅವನು ಹೇಳಿದ್ದು ಸರಿಯೇ. ಆಗ ಹಿಂದಿನಿಂದ ಅತ್ತೆ. ಎದ್ದು ಕೂಡ ನಿಲ್ಲಲಿಲ್ಲ, ಕೂತಲ್ಲಿಂದಲೇ, ಅಡಿಕೆ ಜಗಿಯುತ್ತ.

"ಬಿಟ್ಟು ಹೋದೋಳು ಅವಳು. ಇವನು ಇಲ್ಲೇ ಬಿದ್ದಿದಾನಲ್ಲ, ಮೂಲೆ ಕಂಬದ ಹಾಗೆ. ಮನೆ ಬಿಟ್ಟೋರ ಹೆಸರು ಹೊಡಿಯೋದಾದ್ರೆ ಮೊದಲು ನಿನ್ನ ಅಕ್ಕಂದು ಹೊಡಿ."

"ಅಮ್ಮಾ, ಇದು ಕಾನೂನಿನ ಮಾತು."

"ನಾನೂ ಅದನ್ನೇ ಆಡ್ತಿರೋದು. ಈ ವಾರ ಇವನಿಗೆ ಊಟ ಕಳಿಸಿದ್ನಾ ನಾನು? ಕೇಳು. ಕಳಿಸಿಲ್ಲ. ಹೊರಗಿನವನು ತಪ್ಪು ಮಾಡಿದ್ರೂ ಊಟ ಹಾಕ್ಬೇಕು, ದೋಣಿ ಹತ್ತೋವರೆಗೂ ಅತಿಥಿ. ಮನೆಯವನು ಸಾಸಿ ಮುರಿದ್ರೆ ಅವನಿಗೆ ಒಲೆ ಹಚ್ಚಲ್ಲ. ನಿಮ್ಮಪ್ಪ ಒಂದ್ಸಲ ಸಾಸಿ ಹಾಕಿದ್ದ ತೆಂಗಿನಕಾಯಿ ಕದ್ದಾಗ ನಾನು ಒಲೆ ಹಚ್ಚಲಿಲ್ಲ. ಇವನಿಗೂ ಹಚ್ಚಿಲ್ಲ. ಇನ್ನೇನು ಸಾಕ್ಷಿ ಬೇಕು ನಿನಗೆ?"

ಚಾವಡಿ ನಕ್ಕಿತು. ತೆಂಗಿನಕಾಯಿ ಕಥೆ ಹಳಬರಿಗೆಲ್ಲ ಗೊತ್ತು. ಎಲಿ ನಗಲಿಲ್ಲ. ತಾಯಿಯನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ನೆಲ ನೋಡುತ್ತ ಕೂತುಬಿಟ್ಟ. ಕೂತದ್ದೇ ಒಪ್ಪಿಗೆ ಅಂತ ರಾಜರು ತೆಗೆದುಕೊಂಡರು.

ಸೋಮವಾರ ಊರಿನ ಮಗನ ಹಾಗೆ ತಿಫಾದ ಹಿಂದೆ ನಡೆಯುವುದು. ಬಿಳಿ ಬೂಟಿನವನ ಬೋಟು ಪೊಲೀಸರಿಗೆ. ಸಾಸಿ ಮುಂದಿನ ವರ್ಷದವರೆಗೂ. ಇನ್ನು ಎತ್ತದೆಯೇ ಅಳೆಯಬೇಕು — ಅಳತೆಪಟ್ಟಿ ಪಕ್ಕಕ್ಕಿಟ್ಟು ಫೋಟೋ? ನೋಡಬೇಕು.

ಇಷ್ಟು ದಿನ ಮರಗೆಣಸು ತಿಂದದ್ದು, ಚಾದರ ನೋಡಿ ಚೀಲ ತೆಗೆದದ್ದು... ನಾನು ಏನನ್ನು ಏನೆಂದು ಓದಿಕೊಂಡೆ!

ನವೆಂಬರ್ 3, ಬೆಳಿಗ್ಗೆ

ಅತ್ತೆ ಬಂದು ಕೂತಿದ್ದಾರೆ. ಕುರ್ಚಿಯಲ್ಲಿ. ಕೂರುತ್ತ "ಧೂಳು" ಅಂದರು, ಸೆರಗಿಲ್ಲದ್ದಕ್ಕೆ ಅಂಗೈಯಲ್ಲೇ ಒರೆಸಿದರು. ಕೂಗುವುದನ್ನು ಒಪ್ಪಿಸು ಅಂದರು. ರಾತ್ರಿ ಕಟ್ಟಿಟ್ಟ ನಾಲ್ಕು ಸಾಲು ಒಪ್ಪಿಸಿದೆ.

"ಪದ್ಯ ಬೇಡ. ಪದ್ಯ ಮಾಡಿಯೇ ಇಲ್ಲಿಗೆ ಬಂದಿದ್ದು. ಹೆಸರು ಹೇಳು, ಮನೆ ಹೇಳು, ತಪ್ಪು ಹೇಳು. ಅಷ್ಟೇ."

"ಮನೆ ಅಂದ್ರೆ..."

"ನಮ್ಮನೆ ಹೆಸರು, ಸಾಪುಲೆತೆ. ನುಂಗಬೇಡ, ಬಾಯಿ ತೆರೆದು ಹೇಳು. ಸತ್ತೋರಿಗೂ ಕೇಳಿಸ್ಬೇಕು."

ಒಂದು ಸಲ ಹೇಳಿದೆ. ಇನ್ನೊಂದು ಸಲ ಹೇಳಿಸಿದರು. ಈ ಗೋಡೆಗಳಿಗೆ ಇಷ್ಟು ಗಟ್ಟಿ ಮಾತು ಕೇಳಿ ಅಭ್ಯಾಸವಿಲ್ಲ.

ಹೊರಗೆ ತಿಫಾ. ದೋಮಿ ಅಜ್ಜ ಕೆಮ್ಮುತ್ತಿದ್ದಾನೆ. ಅವನ ಹಿಂದೆ ಎಲಿ, ಅವನೂ ಬರಿಗಾಲಲ್ಲಿ. ತಪ್ಪು ಮಾಡಿದವನ ಪಕ್ಕ ಮನೆಯ ಹಿರಿಮಗ ನಡೆಯಬೇಕಂತೆ, ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಮುಖ ಸುಟ್ಟ ಮೀನು.

"ಬರೀತಾ ಕೂತಿದೀಯಾ? ಏಳು. ಬಿಸಿಲೇರಿದ್ರೆ ದಾರಿ ಕಾಯುತ್ತೆ, ನಿನ್ನ ದೆಸೆಯಿಂದ ನನ್ನ ಕಾಲೂ ಸುಡುತ್ತೆ!"

ಬಂದೆ. ಚಪ್ಪಲಿ ಒಳಗಿಟ್ಟೆ. ಮೊದಲ ಬಾಗಿಲು ಎದುರಿನ ಮನೆಯದೇ, ಮಕ್ಕಳು ಆಗಲೇ ಬೇಲಿ ಹತ್ತಿವೆ. ಇನ್ನೊಂದು ಸಲ ಮನಸ್ಸಿನಲ್ಲೇ — ನಾನು, ಗಜಾನನ, ಸಾಪುಲೆತೆ ಮನೆಯ...